ಪಾಠ ಹೇಳುತ್ತಲೇ ಪಾಠ ಕೇಳುವವರಿಗೆ ಹನ್ನೆರಡು ಸೂತ್ರಗಳು

ಗೋಡೆಗೆ ಸ್ಮಾರ್ಟ್ ಟೀವಿ ಬಂತು, ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಬಂತು. 2020ರಲ್ಲಿ ಕೋವಿಡ್ ಬಂದಾಗ ಚಂದನ ವಾಹಿನಿಯ 'ಸಂವೇದ' ಪಾಠ, ವಾಟ್ಸ್‌ಆ್ಯಪ್ ಗುಂಪು, ಮರದಡಿಯ ವಿದ್ಯಾಗಮ ಎಲ್ಲವೂ ಒಂದೇ ವರ್ಷದಲ್ಲಿ ಮೇಷ್ಟ್ರುಗಳ ಮೈಮೇಲೆ ಬಿದ್ದವು. ಇವುಗಳಲ್ಲಿ ಯಾವುದು ಮಕ್ಕಳಿಗೆ ಕಲಿಸಿತು, ಯಾವುದು ಬರೀ ಫೋಟೊ ತೆಗೆದು ಮೇಲಿನವರಿಗೆ ಕಳಿಸುವುದಕ್ಕಷ್ಟೇ ಆಯಿತು? ಹತ್ತು ಹದಿನೈದು ವರ್ಷ ಸರ್ವೀಸಾದ ಅನೇಕರನ್ನು ಈ ಪ್ರಶ್ನೆ ಬಿಟ್ಟಿಲ್ಲ. ಅವರಲ್ಲಿ ಕೆಲವರು ಶೈಕ್ಷಣಿಕ ತಂತ್ರಜ್ಞಾನದಲ್ಲಿ ಡಿಪ್ಲೊಮಾ, ಸ್ನಾತಕೋತ್ತರ ಪದವಿ ಎಂದು ಮತ್ತೆ ಪುಸ್ತಕ ಹಿಡಿದಿದ್ದಾರೆ. ನೌಕರಿ ಬಿಡದೆ, ಮನೆ ಮರೆಯದೆ ಓದಬೇಕಾದವರಿಗೆ ಈ ಸೂತ್ರಗಳು.

1. ಯಾಕೆ ಓದುತ್ತೀರಿ ಎಂಬುದು ಮೊದಲು ಇತ್ಯರ್ಥವಾಗಲಿ

ಬಡ್ತಿಗೆ ಓದುವುದು ಬೇರೆ, ತರಗತಿಗೆ ಓದುವುದು ಬೇರೆ, ಬೆಂಗಳೂರಿನ ಎಡ್‌ಟೆಕ್ ಕಂಪನಿಗೆ ಹಾರಲು ಓದುವುದು ಇನ್ನೂ ಬೇರೆ. ಪಿಯು ಉಪನ್ಯಾಸಕರಾಗುವ ಆಸೆಯಿದ್ದರೆ ನೀವು ಕಲಿಸುವ ವಿಷಯದಲ್ಲೇ ಸ್ನಾತಕೋತ್ತರ ಪದವಿ ಬೇಕು. ಶೈಕ್ಷಣಿಕ ತಂತ್ರಜ್ಞಾನದ ಸರ್ಟಿಫಿಕೇಟು ಅಲ್ಲಿ ನಡೆಯುವುದಿಲ್ಲ. ಬಿ.ಇಡಿ ಕಾಲೇಜಿನ ಕಡೆ ಕಣ್ಣಿದ್ದರೆ ಎಂ.ಇಡಿ ಮಾಡುವುದೇ ಸುರಕ್ಷಿತ, ತಂತ್ರಜ್ಞಾನವನ್ನು ಅದರೊಳಗಿನ ಐಚ್ಛಿಕ ವಿಷಯವಾಗಿಯೂ ಓದಬಹುದು. ತರಗತಿಗಾಗಿ ಓದುವವರಿಗೆ ಮಾತ್ರ ಈ ಪದವಿ ಪೂರ್ತಿ ದಕ್ಕುತ್ತದೆ ಎಂಬುದು ನನ್ನ ಪಕ್ಷಪಾತ. ಮುಂದಿನ ಸೂತ್ರಗಳಲ್ಲೂ ಆ ಪಕ್ಷಪಾತ ಇಣುಕುತ್ತದೆ, ಸಹಿಸಿಕೊಳ್ಳಿ.

2. ಕೋರ್ಸಿನ ಹೆಸರಿಗೆ ಮರುಳಾಗಬೇಡಿ, ಪಠ್ಯಕ್ರಮ ತರಿಸಿ ಓದಿ

1985ರಲ್ಲಿ ಶುರುವಾದ ಇಗ್ನೊದಲ್ಲಿ ಶೈಕ್ಷಣಿಕ ತಂತ್ರಜ್ಞಾನದ ಸ್ನಾತಕೋತ್ತರ ಡಿಪ್ಲೊಮಾ ಇದೆ, ಶಿಕ್ಷಣದಲ್ಲಿ ಎಂ.ಎ. ಕೂಡ ಇದೆ. ದೂರಶಿಕ್ಷಣವಾದ್ದರಿಂದ ಊರು ಬಿಡಬೇಕಿಲ್ಲ. ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆಂದೇ ಒಂದು ವಿಭಾಗವಿದೆ. ಐಐಟಿ ಬಾಂಬೆಯಲ್ಲಿರುವ ಇದೇ ವಿಷಯದ ಕೇಂದ್ರ, ಸಂಶೋಧನೆಯ ದಾರಿ ಹಿಡಿಯುವವರಿಗೆ. ನಮ್ಮ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಅಲ್ಲಿ ಓದಬೇಕಾದರೆ ಶಾಲೆಗೆ ದೀರ್ಘ ರಜೆ ಹಾಕಲೇಬೇಕು.

ಪಠ್ಯಕ್ರಮ ಕೈಗೆ ಬಂದಾಗ ಒಂದೇ ಒಂದು ಸಂಗತಿ ಹುಡುಕಿ: ಕಲಿಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಎಷ್ಟು ಪುಟ ಕೊಟ್ಟಿದ್ದಾರೆ, ಸಾಫ್ಟ್‌ವೇರ್ ಬಳಸುವುದಕ್ಕೆ ಎಷ್ಟು? ಎರಡನೆಯದೇ ಜಾಸ್ತಿಯಿದ್ದರೆ ಅಷ್ಟು ಹಣ ಕೊಡುವ ಅಗತ್ಯವಿಲ್ಲ. ಅದನ್ನು ಯೂಟ್ಯೂಬ್ ಪುಕ್ಕಟೆಯಾಗಿ ಹೇಳಿಕೊಡುತ್ತದೆ.

ಮಾನ್ಯತೆಯ ವಿಚಾರದಲ್ಲಿ ಯಾರ ಮಾತನ್ನೂ ನಂಬಬೇಡಿ, ನೀವೇ ನೋಡಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಯುಜಿಸಿ ಮಾನ್ಯತೆ 2013-14ರ ಸಾಲಿನಿಂದ ನಿಂತುಹೋಗಿ 2018ರಲ್ಲಷ್ಟೇ ಮರಳಿತು. ಆ ನಡುವೆ ಸಿಕ್ಕಿಕೊಂಡವರ ಪಾಡನ್ನು ನಿಮ್ಮ ಸ್ಟಾಫ್ ರೂಮಿನಲ್ಲೇ ಯಾರಾದರೂ ಹೇಳಿಯಾರು. ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳಿಗೆ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಿದೆ. ನೀವು ಸೇರುವ ವಿಶ್ವವಿದ್ಯಾಲಯ, ನೀವು ಸೇರುವ ಕೋರ್ಸು, ನೀವು ಸೇರುವ ವರ್ಷ ಮೂರೂ ಆ ಪಟ್ಟಿಯಲ್ಲಿರಬೇಕು.

3. ಅನುಮತಿ ಮೊದಲು, ಪ್ರವೇಶ ಆಮೇಲೆ

ಸರ್ಕಾರಿ ಶಿಕ್ಷಕರಾದರೆ ಉನ್ನತ ವ್ಯಾಸಂಗಕ್ಕೆ ಇಲಾಖೆಯ ಪೂರ್ವಾನುಮತಿ ಬೇಕು. ಪದವಿ ಪಡೆದ ಮೇಲೆ ಕಾಗದ ಹಾಕಿದರೆ ಅದನ್ನು ಸೇವಾ ಪುಸ್ತಕದಲ್ಲಿ ನಮೂದಿಸುವಾಗ ತಕರಾರು ಏಳುತ್ತದೆ. ಬಿಇಒ ಕಚೇರಿಗೆ ಕೊಟ್ಟ ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಖಾಸಗಿ ಶಾಲೆಯವರು ಆಡಳಿತ ಮಂಡಳಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. "ಓದ್ಕೊಳ್ಳಿ ಮೇಡಂ, ಏನ್ ತೊಂದ್ರೆ ಇಲ್ಲ" ಎಂಬ ಬಾಯಿಮಾತು ಪರೀಕ್ಷೆಯ ದಿನ ರಜೆ ಕೇಳಿದಾಗ ಆವಿಯಾಗುತ್ತದೆ.

4. ರಜೆಯನ್ನು ನಂಬಿ ಟೈಮ್‌ಟೇಬಲ್ ಹಾಕಬೇಡಿ

ಇಗ್ನೊದ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ. ಜೂನ್ ಎಂದರೆ ನಮ್ಮಲ್ಲಿ ಶಾಲಾ ಪ್ರಾರಂಭೋತ್ಸವ, ದಾಖಲಾತಿ ಆಂದೋಲನ, ಸೇತುಬಂಧ. ಬೇಸಿಗೆ ರಜೆಯಲ್ಲಿ ಓದಿ ಮುಗಿಸುತ್ತೇನೆ ಎಂದು ಹೊರಟವರಿಗೆ ಮೌಲ್ಯಮಾಪನ, ತರಬೇತಿ, ಚುನಾವಣೆಯಿದ್ದರೆ ಅದರ ಡ್ಯೂಟಿ ಎದುರಾಗುತ್ತದೆ. 2025ರ ದಸರಾ ರಜೆಯನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನುಂಗಿದ್ದು ಎಲ್ಲರಿಗೂ ನೆನಪಿದೆ.

ಹಾಗಾಗಿ ಲೆಕ್ಕವನ್ನು ತಿರುವುಮುರುವು ಮಾಡಿ. ರಜೆ ಸಿಕ್ಕರೆ ಲಾಭ ಎಂದುಕೊಳ್ಳಿ; ಓದು ನಡೆಯಬೇಕಾದ್ದು ಮಾಮೂಲಿ ವಾರದ ಮಾಮೂಲಿ ದಿನಗಳಲ್ಲಿ. ಬೆಳಿಗ್ಗೆ ಮನೆ ಏಳುವ ಮುಂಚಿನ ಮುಕ್ಕಾಲು ಗಂಟೆ, ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಇನ್ನರ್ಧ ಗಂಟೆ. ಅಸೈನ್‌ಮೆಂಟುಗಳನ್ನು ಕೊನೆಯ ತಾರೀಖಿಗಿಂತ ಒಂದು ತಿಂಗಳು ಮುಂಚೆ ಕಳಿಸುವಂತೆ ನಿಮಗೆ ನೀವೇ ಗಡುವು ಹಾಕಿಕೊಳ್ಳಿ. ಆ ಒಂದು ತಿಂಗಳನ್ನು ಯಾವುದೋ ಒಂದು ಸುತ್ತೋಲೆ ಹೇಗೂ ಕಬಳಿಸುತ್ತದೆ.

5. ನಿಮ್ಮ ತರಗತಿಯೇ ನಿಮ್ಮ ಬಂಡವಾಳ

ಹನ್ನೆರಡರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ.

ಸಹಪಾಠಿಗಳಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದ ಇಪ್ಪತ್ತೈದರ ಹರೆಯದವರು ಇರುತ್ತಾರೆ. ಡೌನ್‌ಲೋಡ್ ಆದ ಫೈಲು ಎಲ್ಲಿ ಹೋಯಿತೆಂದು ನೀವು ಹುಡುಕುವಷ್ಟರಲ್ಲಿ ಅವರು ಆ್ಯಪ್ ಕಟ್ಟಿ ತೋರಿಸಿಬಿಡುತ್ತಾರೆ. ಧೈರ್ಯಗೆಡಬೇಡಿ. ಎಂಟನೇ ಒಂದು ಭಾಗ ನಾಲ್ಕನೇ ಒಂದು ಭಾಗಕ್ಕಿಂತ ದೊಡ್ಡದೆಂದು ಐದನೇ ತರಗತಿಯ ಮಗು ಯಾಕೆ ಹಟ ಹಿಡಿಯುತ್ತದೆ ಎಂಬುದು ಅವರಿಗೆ ತಿಳಿಯದು. ನಿಮಗೆ ತಿಳಿದಿದೆ. ಎಂಟು ನಾಲ್ಕಕ್ಕಿಂತ ದೊಡ್ಡದು ಎಂದು ಆ ಮಗುವಿಗೆ ಒಂದನೇ ತರಗತಿಯಿಂದ ಹೇಳಿಕೊಟ್ಟವರು ನಾವೇ. ಯಾವ ಬೆಂಚಿನಲ್ಲಿ ಕೂತವರು ಹಾಗೆ ಹೇಳುತ್ತಾರೆ, ಯಾರು ಪಕ್ಕದವರದನ್ನು ನೋಡಿ ಸರಿ ಉತ್ತರ ಬರೆದಿದ್ದಾರೆ ಎಂಬುದೂ ನಿಮಗೆ ಗೊತ್ತು.

ಈ ತಿಳಿವಳಿಕೆಗೆ ಅಮೆರಿಕದ ಲೀ ಶುಲ್ಮನ್ 1986ರಲ್ಲಿ ಒಂದು ಸ್ಥಾನ ಕೊಟ್ಟರು: ವಿಷಯ ಗೊತ್ತಿರುವುದು ಬೇರೆ, ಬೋಧನೆಯ ಕೌಶಲ ಬೇರೆ, ಈ ವಿಷಯವನ್ನು ಈ ಮಕ್ಕಳಿಗೆ ಹೇಗೆ ಮುಟ್ಟಿಸಬೇಕೆಂಬ ಅರಿವು ಮೂರನೆಯದೇ ಒಂದು ಬಗೆ. ಭಾರತ ಮೂಲದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಅದಕ್ಕೆ ತಂತ್ರಜ್ಞಾನವನ್ನು ಸೇರಿಸಿ 'ಟಿಪ್ಯಾಕ್' ಎಂಬ ಚೌಕಟ್ಟು ಕೊಟ್ಟರು. ನಿಮ್ಮ ಕೋರ್ಸಿನಲ್ಲಿ ಮೂರು ವೃತ್ತಗಳ ಆ ಚಿತ್ರ ಖಂಡಿತ ಬರುತ್ತದೆ. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡುವವರೇ ಹೆಚ್ಚು. ನೀವು ಭಿನ್ನರಾಶಿಯನ್ನೇ ಅದರಲ್ಲಿಟ್ಟು ನೋಡಿ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಲ್ಲಿ ಭಿನ್ನರಾಶಿಯದ್ದೂ ಇದೆ. ಛೇದ ದೊಡ್ಡದಾದ ಹಾಗೆ ತುಂಡು ಚಿಕ್ಕದಾಗುವುದನ್ನು ಮಗು ಬೆರಳಲ್ಲಿ ಎಳೆದು ನೋಡಬಹುದು. ಅದೇ ಕೆಲಸಕ್ಕೆ ಕಾಗದ ಮಡಚುವುದು ಸಾಕಲ್ಲವೇ? ಎಲ್ಲಿ ಕಾಗದ ಸಾಕು, ಎಲ್ಲಿ ಪರದೆ ಬೇಕು? ಈ ಪ್ರಶ್ನೆಗೆ ನಿಮ್ಮ ಐದನೇ ತರಗತಿಯ ಮಕ್ಕಳನ್ನು ಮುಂದಿಟ್ಟುಕೊಂಡು ಎರಡು ಪುಟ ಬರೆದರೆ ಟಿಪ್ಯಾಕ್ ಅರ್ಥವಾದಂತೆ.

ಆದ್ದರಿಂದ ಮೊದಲ ತಿಂಗಳಲ್ಲೇ ಒಂದು ತರಗತಿ, ಒಂದು ಘಟಕ ಆರಿಸಿಕೊಳ್ಳಿ. ಕಲಿಯುವವರ ವಿಶ್ಲೇಷಣೆ, ಪಾಠ ವಿನ್ಯಾಸ, ಮೌಲ್ಯಮಾಪನ ಎಂದು ಯಾವ ಅಸೈನ್‌ಮೆಂಟು ಬಂದರೂ ಅದೇ ತರಗತಿಯ ಮೇಲೆ, ಅದೇ ಘಟಕದ ಮೇಲೆ ಬರೆಯಿರಿ. ಮಕ್ಕಳು ಆ ದಿನ ಹೇಳಿದ ತಪ್ಪು ಉತ್ತರಗಳನ್ನು ಅವರದೇ ಮಾತಿನಲ್ಲಿ ಎರಡು ಸಾಲು ಟಿಪ್ಪಣಿ ಮಾಡಿಡಿ. ಕೊನೆಯ ವರ್ಷ ಪ್ರೌಢಪ್ರಬಂಧಕ್ಕೆ ವಿಷಯ ಕೊಡಿ ಎಂದಾಗ ಉಳಿದವರು ಗೂಗಲ್ ತಡಕುತ್ತಾರೆ, ನಿಮ್ಮ ಬಳಿ ಅರ್ಧ ಪ್ರಬಂಧವೇ ತಯಾರಿರುತ್ತದೆ.

6. ಹಳೆಯ ಕಥೆ ಓದಿದವರನ್ನು ಹೊಸ ಮೋಡಿ ಮರುಳು ಮಾಡದು

ಸಿನಿಮಾ ಬಂದ ಮೇಲೆ ಪುಸ್ತಕಗಳಿಗೆ ಶಾಲೆಯಲ್ಲಿ ಕೆಲಸವಿಲ್ಲ ಎಂದು ಎಡಿಸನ್ 1913ರಲ್ಲೇ ಸಾರಿದ್ದ. ಆಮೇಲೆ ರೇಡಿಯೊ, ಟೀವಿ, ಕಂಪ್ಯೂಟರ್, ಟ್ಯಾಬ್ಲೆಟ್ ಒಂದೊಂದೂ ಅದೇ ಭರವಸೆ ಹೊತ್ತು ಬಂದವು. ಲ್ಯಾರಿ ಕ್ಯೂಬನ್ 1986ರಲ್ಲಿ ಬರೆದ 'ಟೀಚರ್ಸ್ ಆ್ಯಂಡ್ ಮಷೀನ್ಸ್' ಇದರ ಚರಿತ್ರೆ. ಪಠ್ಯವಾಗಿ ಇರಲಿ ಬಿಡಲಿ, ಓದಿ.

ಅಮೆರಿಕದ ಕಥೆಯೇ ಯಾಕೆ, ನಮ್ಮದೇ ಇದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ 'ಸೈಟ್' ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳವೂ ಇದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಬೆಂಗಳೂರಿನಲ್ಲೇ ಟೀವಿ ಇಲ್ಲದ ಕಾಲದಲ್ಲಿ ರಾಯಚೂರಿನ ಹಳ್ಳಿಯ ಮಗು ಉಪಗ್ರಹದಿಂದ ಇಳಿದ ಪಾಠ ನೋಡಿತು. ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಹಾರಿತು; ಪ್ರಾಥಮಿಕ ಶಾಲೆಗಳಿಗೆ ಅದನ್ನು ಮುಟ್ಟಿಸುವ ಪ್ರಯೋಗಕ್ಕೆ ನಮ್ಮಲ್ಲಿ ಚಾಮರಾಜನಗರವನ್ನು ಆರಿಸಿಕೊಂಡರು. 2017ರ ಶಿಕ್ಷಕರ ದಿನದಂದು ದೀಕ್ಷಾ ಬಂತು. ನಿಮ್ಮ ತಾಲ್ಲೂಕಿನಲ್ಲಿ ನಿವೃತ್ತರಾದ ಹಿರಿಯ ಶಿಕ್ಷಕರನ್ನು ಹುಡುಕಿ, ಡಿಶ್ ಆಂಟೆನಾ ಯಾವಾಗ ಬಂತು, ಯಾವಾಗ ಕೆಟ್ಟಿತು, ಕೆಟ್ಟಾಗ ಯಾರಿಗೆ ಫೋನ್ ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳಿ. ಯಾವ ಜರ್ನಲ್ಲಿನಲ್ಲೂ ಸಿಗದ ಸಾಮಗ್ರಿ ಅದು, ಮತ್ತು ಅದನ್ನು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

7. ಒಂದು ಜಗಳವನ್ನಾದರೂ ಬುಡಸಹಿತ ಓದಿ

ರಿಚರ್ಡ್ ಕ್ಲಾರ್ಕ್ 1983ರಲ್ಲಿ ಒಂದು ಬಾಂಬು ಹಾಕಿದರು. ದಿನಸಿ ತರುವ ಲಾರಿಯಿಂದ ನಮ್ಮ ಮೈಗೆ ಪುಷ್ಟಿ ಬರುವುದಿಲ್ಲ, ಒಳಗಿನ ದಿನಸಿಯಿಂದ ಬರುತ್ತದೆ. ಮಾಧ್ಯಮವೂ ಹಾಗೆಯೇ, ಕಲಿಸುವುದು ಬೋಧನೆಯ ವಿಧಾನವೇ ಹೊರತು ಯಂತ್ರವಲ್ಲ ಎಂಬುದು ಅವರ ವಾದ. ರಾಬರ್ಟ್ ಕೋಜ್ಮಾ ಒಪ್ಪಲಿಲ್ಲ. ಕೆಲವು ವಿಧಾನಗಳು ಕೆಲವು ಮಾಧ್ಯಮಗಳಲ್ಲಷ್ಟೇ ಸಾಧ್ಯ ಎಂದರು. ಈ ಜಗಳ ಇನ್ನೂ ಮುಗಿದಿಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡು ಮೂರು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಪೆರುವಿನಲ್ಲಿ ಹಳ್ಳಿ ಶಾಲೆಯ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಬಂದ ವರದಿಯ ಪ್ರಕಾರ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದ ಕುರುಹು ಸಿಗಲಿಲ್ಲ. ದೆಹಲಿಯಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರನ್ನು ಪರೀಕ್ಷಿಸಿದರು. ಮಗು ಯಾವ ತರಗತಿಯಲ್ಲಿ ಕೂತಿದೆ ಎಂಬುದನ್ನು ಬಿಟ್ಟು ಅದಕ್ಕೆ ನಿಜವಾಗಿ ಎಷ್ಟು ಬರುತ್ತದೆ ಎಂಬ ಮಟ್ಟದಿಂದ ಪ್ರಶ್ನೆ ಕೇಳುವ ತಂತ್ರಾಂಶ ಅದು. ನಾಲ್ಕೂವರೆ ತಿಂಗಳಲ್ಲಿ ಗಣಿತ 0.37, ಹಿಂದಿ 0.23 ಮಾನಕ ವಿಚಲನೆಯಷ್ಟು ಮೇಲೇರಿತು. ಆದರೆ ಆ ಕೇಂದ್ರಗಳಲ್ಲಿ ಕಂಪ್ಯೂಟರಿನ ಜೊತೆಗೆ ಚಿಕ್ಕ ಗುಂಪಿಗೆ ಹೇಳಿಕೊಡುವ ಸಹಾಯಕರೂ ಇದ್ದರು ಎಂಬುದನ್ನು ಎಡ್‌ಟೆಕ್ ಜಾಹೀರಾತುಗಳು ಹೇಳುವುದಿಲ್ಲ. ಮೂರನೆಯದು ಕೋವಿಡ್ ಕಾಲದ ಬೋಟ್ಸ್ವಾನಾ. ಪ್ರತಿ ವಾರ ಗಣಿತದ ಎಸ್ಎಂಎಸ್ ಕಳಿಸಿದ್ದರಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಎಸ್ಎಂಎಸ್ ಜೊತೆಗೆ ಫೋನ್ ಮಾಡಿ ಮಗುವಿನ ಹತ್ತಿರ ಮಾತಾಡಿದಾಗ ಸಿಕ್ಕಿತು. ಲ್ಯಾಪ್‌ಟಾಪ್ ಸೋತಲ್ಲಿ ಮಾಮೂಲಿ ಕರೆ ಗೆದ್ದದ್ದು ಹೇಗೆ? ಸೆಮಿನಾರಿನಲ್ಲಿ ಈ ಪ್ರಶ್ನೆ ಎತ್ತಿ ನೋಡಿ, ಗಂಟೆ ಹೊಡೆದರೂ ಚರ್ಚೆ ನಿಲ್ಲುವುದಿಲ್ಲ.

8. ಸಂಖ್ಯಾಶಾಸ್ತ್ರದಿಂದ ಓಡಬೇಡಿ

ಕನ್ನಡ, ಸಮಾಜ ವಿಜ್ಞಾನ ಕಲಿಸುವವರು ಸಾಮಾನ್ಯವಾಗಿ ಇಲ್ಲೇ ಕೋರ್ಸು ಬಿಡುವುದು. ನಿಮಗೆ ಬೇಕಾದ್ದು ಸರಾಸರಿ, ಮಾನಕ ವಿಚಲನೆ, ಎರಡು ಗುಂಪುಗಳನ್ನು ಹೋಲಿಸುವ ಟಿ-ಪರೀಕ್ಷೆ, ಪರಿಣಾಮದ ಗಾತ್ರ ಇಷ್ಟೇ. ಜಮೋವಿ, ಜಾಸ್ಪ್ ಎಂಬ ಉಚಿತ ತಂತ್ರಾಂಶಗಳು ಲೆಕ್ಕ ಮಾಡಿಕೊಡುತ್ತವೆ. ತಂತ್ರಾಂಶ ಹೇಳಲಾರದ್ದು ಇನ್ನೊಂದಿದೆ: ನಿಮ್ಮ ಶಾಲೆಯ 'ಎ' ವಿಭಾಗಕ್ಕೆ ಜಾಣರನ್ನು ಹಾಕಿ 'ಬಿ' ವಿಭಾಗಕ್ಕೆ ಉಳಿದವರನ್ನು ಹಾಕಿದ್ದರೆ ಆ ಎರಡನ್ನು ಹೋಲಿಸಿ ಏನೂ ಹೇಳಲಾಗದು. ಗೈಡ್ ಕೇಳುವ ಮೊದಲೇ ನೀವು ಇದನ್ನು ಹೇಳಿಬಿಡಿ.

9. ಇಂಗ್ಲಿಷ್ ಲೇಖನವನ್ನು ಮೊದಲ ಸಾಲಿನಿಂದ ಓದಬೇಡಿ

ಸಾರಾಂಶ ಓದಿ, ಕೋಷ್ಟಕ ನೋಡಿ, ಕೊನೆಯ ಚರ್ಚೆಗೆ ಹೋಗಿ, ಆಮೇಲೆ ಬೇಕೆನಿಸಿದರೆ ನಡುವಿನದು. ಓದಿದ್ದನ್ನು ಕನ್ನಡದಲ್ಲಿ ಐದು ಸಾಲು ಬರೆದಿಡಿ. ಬರೆಯಲಾಗದಿದ್ದರೆ ಅರ್ಥವಾಗಿಲ್ಲ ಎಂದು ತಿಳಿಯಿರಿ. ಟೈಪ್ ಮಾಡುವಾಗ ಯೂನಿಕೋಡ್ ಬಿಟ್ಟು ಬೇರೆ ಬೇಡ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಎಷ್ಟೋ ಒಳ್ಳೆಯ ನೋಟ್ಸುಗಳು ಹುಡುಕಾಟಕ್ಕೆ ಸಿಗದೆ, ಬೇರೆ ಯಂತ್ರದಲ್ಲಿ ತೆರೆದರೆ ಗೀಚಾಗಿ ಕಾಣುತ್ತಾ ಬಿದ್ದಿವೆ. ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ಶಿಕ್ಷಕರೇ ಸೇರಿ ಬೆಳೆಸಿದ್ದು. ನಿಮ್ಮ ಅಸೈನ್‌ಮೆಂಟಿಗೆ ಮಾಡಿದ ಪಾಠವನ್ನು ಅಂಥ ಕಡೆ ಹಾಕಿದರೆ ಅಂಕ ಬಂದ ಮೇಲೂ ಅದು ಬದುಕಿರುತ್ತದೆ.

10. ಚಾಟ್‌ಜಿಪಿಟಿಯನ್ನು ಶಿಷ್ಯನಂತೆ ಬಳಸಿ, ಗುಮಾಸ್ತನಂತಲ್ಲ

ಅದು ಬರೆದುಕೊಟ್ಟ ಅಸೈನ್‌ಮೆಂಟು ಮೌಖಿಕ ಪರೀಕ್ಷೆಯ ಎರಡನೇ ಪ್ರಶ್ನೆಗೇ ಕುಸಿಯುತ್ತದೆ. ಇಲ್ಲದ ಲೇಖನಗಳನ್ನು ಇದೆ ಎಂದು ತೋರಿಸುವ ಚಾಳಿಯೂ ಅದಕ್ಕಿದೆ, ಪ್ರತಿ ಆಕರವನ್ನೂ ಕಣ್ಣಾರೆ ನೋಡಿ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮ ಮಾಡಿದೆ, ಹೋಲಿಕೆ ಶೇ 10 ದಾಟಿದರೆ ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ. ನೀವು ಬರೆದದ್ದನ್ನು ಕೊಟ್ಟು, ಇದರಲ್ಲಿ ತರ್ಕ ಎಲ್ಲಿ ಜಾರಿದೆ ಎಂದು ಕೇಳಿ. ಆ ಕೆಲಸಕ್ಕೆ ಅದು ಒಳ್ಳೆಯದು.

11. ನೆಟ್‌ವರ್ಕ್ ಇಲ್ಲದ ದಿನಕ್ಕೆ ಪಾಠ ಕಟ್ಟಿ, ಮಕ್ಕಳ ಮುಖಕ್ಕೆ ಪರದೆ ಹಾಕಿ

2024-25ರ ಯುಡೈಸ್ ಪ್ಲಸ್ ವರದಿಯಂತೆ ದೇಶದ ಶಾಲೆಗಳಲ್ಲಿ ಇಂಟರ್ನೆಟ್ ಇರುವುದು ಶೇ 63.5ರಲ್ಲಿ. ಇದೆ ಎಂದು ಬರೆದ ಕಡೆಯೂ ಹನ್ನೊಂದು ಗಂಟೆಯ ಪೀರಿಯಡ್ಡಿಗೆ ಸಿಗುತ್ತದೆಂಬ ಖಾತರಿ ಇಲ್ಲ. ಮನೆಯ ಸ್ಮಾರ್ಟ್‌ಫೋನ್ ಅಪ್ಪನ ಜೇಬಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಬರುತ್ತದೆ. ಕೊಲಿಬ್ರಿ, ಜಿಯೊಜೀಬ್ರಾ, ಫೆಟ್‌ನಂಥ ಕಲಿಕಾ ತಂತ್ರಾಂಶಗಳು ಆಫ್‌ಲೈನಿನಲ್ಲೂ ನಡೆಯುತ್ತವೆ. ನಿಮ್ಮ ವಿನ್ಯಾಸಕ್ಕೆ ಕರೆಂಟು ಹೋದಾಗಿನ ಎರಡನೇ ಯೋಜನೆಯೂ ಇರಲಿ. ನಗರದ ಪರೀಕ್ಷಕರು ಅದನ್ನು ಕೇಳದಿರಬಹುದು, ನಿಮ್ಮ ಮುಖ್ಯ ಶಿಕ್ಷಕರು ಕೇಳುತ್ತಾರೆ.

ಪ್ರಾಜೆಕ್ಟಿಗೆ ವಿಡಿಯೊ ತೆಗೆಯುವ ಮುನ್ನ ಪೋಷಕರ ಒಪ್ಪಿಗೆ ಪತ್ರ ಕನ್ನಡದಲ್ಲಿ ಮಾಡಿಸಿ, ಓದಲು ಬಾರದವರಿಗೆ ಓದಿ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸುತ್ತದೆ. ಉತ್ತರ ಹೇಳಲಾಗದೆ ತಲೆ ತಗ್ಗಿಸಿದ ಮಗುವಿನ ವಿಡಿಯೊ ನಿಮ್ಮ ಸಂಶೋಧನೆಗೆ ದತ್ತಾಂಶ ಇರಬಹುದು. ಗ್ರೂಪಿನಲ್ಲಿ ಹರಿದಾಡಿದರೆ ಆ ಮಗುವಿಗೆ ಶಿಕ್ಷೆ.

12. ಸ್ಟಾಫ್ ರೂಮಿನಲ್ಲಿ ಹುಷಾರು

ನೀವು ತಂತ್ರಜ್ಞಾನ ಓದುತ್ತಿದ್ದೀರಿ ಎಂಬ ಸುದ್ದಿ ಹಬ್ಬಿದ ಮರುದಿನದಿಂದ ಶಾಲೆಯ ಎಲ್ಲ ಪೋರ್ಟಲ್ಲುಗಳೂ ನಿಮ್ಮವೇ. ಸ್ಯಾಟ್ಸ್ ಎಂಟ್ರಿ, ಯುಡೈಸ್, ತಿಂಗಳ ವರದಿ, ಕೆಟ್ಟ ಪ್ರಿಂಟರ್, ಸಹೋದ್ಯೋಗಿಯ ಮಗನ ಕಾಲೇಜು ಅರ್ಜಿ. ಕೊನೆಗೆ ಓದಲು ಹೊರಟವರು ಡೇಟಾ ಎಂಟ್ರಿ ಆಪರೇಟರ್ ಆಗಿ ಉಳಿಯುತ್ತಾರೆ. ಆಗುವುದಿಲ್ಲ ಎಂದು ಮುಖ ಮುರಿದರೆ ಪರೀಕ್ಷೆಗೆ ಹೋದ ದಿನ ನಿಮ್ಮ ಪೀರಿಯಡ್ ನೋಡಿಕೊಳ್ಳುವವರು ಸಿಗುವುದಿಲ್ಲ, ಅದೂ ನಿಜ. ಅದಕ್ಕೊಂದು ಉಪಾಯ: ಕೇಳಿಕೊಂಡು ಬಂದವರನ್ನು ಪಕ್ಕದಲ್ಲಿ ಕೂರಿಸಿ, ಮೌಸನ್ನು ಅವರ ಕೈಗೇ ಕೊಟ್ಟು, ಹೇಳಿಕೊಡಿ. ಇಬ್ಬರು ಕಲಿತರೆ ಮೂರನೆಯವರನ್ನು ಅವರ ಬಳಿಗೆ ಕಳಿಸಬಹುದು. ವಯಸ್ಕರಿಗೆ ಕಲಿಸುವುದು ಹೇಗೆ ಎಂಬ ಅಸೈನ್‌ಮೆಂಟು ಬಂದಾಗ ಈ ಅನುಭವವನ್ನೇ ಬರೆಯಿರಿ. ಪೋರ್ಟಲ್ಲಿನ ಪಾಸ್‌ವರ್ಡನ್ನು ಮಾತ್ರ ಮುಖ್ಯ ಶಿಕ್ಷಕರ ಬಳಿಯೇ ಬಿಡಿ. ಒಮ್ಮೆ ನಿಮ್ಮ ಕೈಗೆ ಬಂದರೆ ನಿಮಗೆ ವರ್ಗಾವಣೆ ಆಗುವ ತನಕ ಅದನ್ನು ವಾಪಸ್ ತೆಗೆದುಕೊಳ್ಳುವವರು ಯಾರೂ ಇಲ್ಲ.